ಪಶುಸಂಗೋಪನೆಯ ನೆರಳು ಸಚಿವೆ

ವಿಧಾನಸಭೆಯಲ್ಲಿ ವಿರೋಧ ಪಕ್ಷದವರು ನೆರಳು ಸಂಪುಟ ಕಟ್ಟಿದರು. ಸರ್ಕಾರದ ಒಬ್ಬೊಬ್ಬ ಸಚಿವನ ಮೇಲೆ ಕಣ್ಣಿಡಲು ಒಬ್ಬೊಬ್ಬರು. ಮೇಲಿನವರು ಮಾಡಿದ ಮೇಲೆ ಪಕ್ಷದ ಕೊಪ್ಪ ಘಟಕ ಸುಮ್ಮನಿರುತ್ತದೆಯೇ? ತಾಲ್ಲೂಕಿಗೂ ಒಂದು ನೆರಳು ಸಂಪುಟವಾಯಿತು. ಕುರ್ಚಿಯಿಲ್ಲ, ಕಾರಿಲ್ಲ, ಸಂಬಳವಂತೂ ಇಲ್ಲವೇ ಇಲ್ಲ. ಆದರೂ ಅಬಕಾರಿ ಖಾತೆಗೆ ಮೂವರು ಕಿತ್ತಾಡಿದರು. ಯಾರಿಗೂ ಬೇಡವಾಗಿ ಉಳಿದದ್ದು ಪಶುಸಂಗೋಪನೆ. ಹೆಂಗಸರ ಹೆಸರೂ ಒಂದು ಬೇಕಲ್ಲ ಎಂದು ಅಧ್ಯಕ್ಷ ಪ್ರಸನ್ನಕುಮಾರ ಅದನ್ನು ಅರಳಿಹಕ್ಲಿನ ಸರ್ವಮಂಗಳಮ್ಮನ ತಲೆಗೆ ಕಟ್ಟಿದ.

ಮೂರು ದನ ಸಾಕಿ ಡೈರಿಗೆ ಹಾಲು ಹಾಕುವ ಹೆಂಗಸು ಅವಳು. ಗಂಡ ಜಯದೇವಪ್ಪ ಅಂದಿನಿಂದ ಅವಳನ್ನು ಹೆಸರು ಹಿಡಿದು ಕರೆಯಲೇ ಇಲ್ಲ. “ಮಿನಿಸ್ಟ್ರೇ, ಕಾಫಿ ಉಂಟಾ?” ಎನ್ನುತ್ತಿದ್ದ. ನಕ್ಕರೆ ನಗಲಿ ಎಂದು ಅವಳು ನೂರು ಪುಟದ ನೋಟ್‌ಬುಕ್ ತಂದಳು. ಊರಿನ ದನದ ಆಸ್ಪತ್ರೆಗೆ ನಾಲ್ಕು ವರ್ಷದಿಂದ ಡಾಕ್ಟರಿರಲಿಲ್ಲ. ಹಿಂದಿನ ವರ್ಷ ಅವಳ ಹಸು ಗೌರಿ, ಹೊಟ್ಟೆಯಲ್ಲಿ ಕರು ಅಡ್ಡ ನಿಂತು, ಕೊಟ್ಟಿಗೆಯಲ್ಲೇ ಸತ್ತಿತ್ತು. ಆ ಸಂಕಟ ಅವಳಿಗೆ ಇನ್ನೂ ಆರಿರಲಿಲ್ಲ. ಪ್ರತಿ ಸೋಮವಾರ ಹೋಗಿ ಆಸ್ಪತ್ರೆಯ ಬೀಗ ನೋಡಿ ತಾರೀಕು ಬರೆದಳು. ಬಾಗಿಲಿಂದ ವಾಪಸಾದ ದನಗಳ ಹೆಸರನ್ನೂ, ಮಂತ್ರಿಗೆ ಕೇಳಬೇಕಾದ ಪ್ರಶ್ನೆಗಳನ್ನೂ ಬರೆದಳು. ಅದನ್ನೇ ಹಿಡಿದು ಪ್ರಸನ್ನಕುಮಾರ ಊರೂರಲ್ಲಿ ಭಾಷಣ ಬಿಗಿದ. ಚುನಾವಣೆ ಬಂತು, ಅವರ ಪಕ್ಷವೇ ಗೆದ್ದಿತು.

ವಿಜಯೋತ್ಸವದಲ್ಲಿ ಸರ್ವಮಂಗಳಮ್ಮನಿಗೂ ಶಾಲು ಹೊದಿಸಿದರು. ಅವಳು ಮೈಕಿನ ಮುಂದೆಯೇ ಕೇಳಿದಳು: “ಡಾಕ್ಟ್ರು ಯಾವಾಗ ಬರ್ತಾರೆ?”

ಪ್ರಸನ್ನಕುಮಾರ ಅವಳನ್ನು ಪಕ್ಕಕ್ಕೆ ಕರೆದ. “ಅಕ್ಕ, ಈಗ ಸರ್ಕಾರ ನಮ್ದೇ ಮಾರಾಯ್ರೆ! ನೆರಳು ಸಂಪುಟ ಮುಗೀತು. ಆ ಪುಸ್ತಕ ಒಲೆಗೆ ಹಾಕಿ.”

ಕೊಟ್ಟಿಗೆಯಲ್ಲಿ ಗೌರಿಯ ಮಗಳು, ಗಬ್ಬದ ಕಡಸು, ಕರು ಹಾಕಲು ಇನ್ನೊಂದೇ ತಿಂಗಳಿತ್ತು. ಪುಸ್ತಕ ಒಲೆಗೆ ಹೋಗಲಿಲ್ಲ. ಮಾರನೇ ಬೆಳಿಗ್ಗೆ ಅವಳು ಡೈರಿಯಿಂದ ನೆಟ್ಟಗೆ ಸೋತ ಪಕ್ಷದ ಹೂವಪ್ಪನ ಮನೆ ಜಗುಲಿ ಹತ್ತಿದಳು.

“ಹೂವಪ್ಪಣ್ಣ, ಇನ್ನು ನೀವೂ ನೆರಳು ಸಂಪುಟ ಮಾಡ್ತೀರಲ್ಲ. ಪಶುಸಂಗೋಪನೆ ಖಾಲಿ ಉಂಟಾ?”

“ನೀವು ಆ ಪಕ್ಷದವರಲ್ವಾ?” ಹೂವಪ್ಪ ತಬ್ಬಿಬ್ಬಾದ.

“ಅದಿರ್ಲಿ. ಪ್ರಶ್ನೆಯೆಲ್ಲ ಬರೆದಿಟ್ಟದ್ದು ಉಂಟು. ಮಂತ್ರಿ ಹೆಸರು ಹೊಡೆದು ಹೊಸಬರದ್ದು ಬರ್ಕೊಂಡ್ರೆ ಸಾಕು. ನಾಳೆ ತರ್ತೀನಿ.”

ಸುದ್ದಿ ಮಧ್ಯಾಹ್ನದೊಳಗೆ ಕೊಪ್ಪ ಮುಟ್ಟಿತು. ಮೂರು ಗಂಟೆಗೆ ಪ್ರಸನ್ನಕುಮಾರನ ಫೋನ್: “ಅಕ್ಕ, ಪುಸ್ತಕ ಮಾತ್ರ ಕೊಡ್ಬೇಡಿ! ಬರೋ ಸೋಮವಾರ ಡಾಕ್ಟ್ರು ಬಂದೇ ಬರ್ತಾರೆ.”

ಬಂದರು. ಕಡಸು ಕರು ಹಾಕಿದ ದಿನ ಕೈ ಹಾಕಿ ಕರು ಎಳೆದವರೂ ಅವರೇ. ಕರು ಎದ್ದು ನಿಂತಾಗ ಸರ್ವಮಂಗಳಮ್ಮ ಖುಷಿಗೆ ಅತ್ತುಬಿಟ್ಟಳು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕೇಳಿದಳು: “ಆಸ್ಪತ್ರೇಲಿ ಔಷಧಿ ಎಲ್ಲ ಉಂಟಾ ಡಾಕ್ಟ್ರೇ?”

“ಎಲ್ಲಿಂದಮ್ಮ, ಲಸಿಕೆ ಇಡೋ ಫ್ರಿಜ್ಜೇ ಕೆಟ್ಟು ಕೂತಿದೆ.”

ಜಯದೇವಪ್ಪ ಒಳಗೆ ಹೋದ. ನೋಟ್‌ಬುಕ್ಕನ್ನೂ ಪೆನ್ನನ್ನೂ ತಂದು ಹೆಂಡತಿಯ ಮುಂದೆ ಹಿಡಿದ.

“ಬರ್ಕೊಳ್ಳಿ, ಮಿನಿಸ್ಟ್ರೇ.”