ಅವಳು ಸೀರಿಯಲ್ ನೋಡುವಾಗ ನಾನು ಅವಳನ್ನು ನೋಡುತ್ತಿದ್ದೆ

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ನನ್ನ ಮದುವೆಗೆ ಖರ್ಚಾದದ್ದು ಒಂದೇ ಸುಳ್ಳು. ಅದನ್ನೂ ನಾನು ಹೇಳಲಿಲ್ಲ, ನನ್ನ ಸೋದರಮಾವ ಹೇಳಿದ. ದೇವನಹಳ್ಳಿ ಕಡೆ ಹೊಸ ಏರ್‌ಪೋರ್ಟ್ ಶುರುವಾದ ವರ್ಷ ಸೋಲದೇವನಹಳ್ಳಿಗೆ ಹೆಣ್ಣು ನೋಡಲು ಹೋಗಿದ್ದೆವು. ಹುಡುಗ ಏನು ಮಾಡುತ್ತಾನೆ ಅಂತ ಹುಡುಗಿಯ ಅಪ್ಪ ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ, ಸಂಜಯನಗರದ ಹೋಟೆಲಿನಲ್ಲಿ ಮ್ಯಾನೇಜರ್ ಅಂದುಬಿಟ್ಟ. ತೆರೆದ ಬಾಯಿಗೆ ನಾನು ಕೋಡುಬಳೆ ಹಾಕಿಕೊಂಡೆ.

ಹೋಟೆಲ್ ಸಂಜಯನಗರದಲ್ಲಿ ಇದ್ದದ್ದು ನಿಜ. ಆದರೆ ನಾನು ಅಲ್ಲಿ ದೋಸೆ ಹುಯ್ಯುತ್ತಿದ್ದೆ. ತಟ್ಟೆ ಎತ್ತುವ ಕೆಲಸಕ್ಕೆ ಸೇರಿದವನು. ಕರಾವಳಿ ಕಡೆಯ ದೋಸೆ ಭಟ್ಟರು ಊರಿಗೆ ಹೋದವರು ವಾಪಸ್ ಬರದೇ ಇದ್ದಾಗ ಮಾಲೀಕರು ಸೌಟು ಕೈಗೆ ಕೊಟ್ಟು ನಿಲ್ಲಿಸಿದರು. ಮೊದಲ ದಿನ ಅರ್ಧ ಬಕೆಟ್ ಹಿಟ್ಟು ಹಾಳು ಮಾಡಿ ಬೈಸಿಕೊಂಡೆ. ಎರಡು ವರ್ಷ ಕಳೆಯುವಷ್ಟರಲ್ಲಿ ಒಂದೇ ಕಾವಲಿಯ ಮೇಲೆ ಒಂದೇ ಸಲ ಹನ್ನೆರಡು ದೋಸೆ, ಅಳತೆ ಇಟ್ಟ ಹಾಗೆ.

ಇದರಲ್ಲಿ ಮುಚ್ಚಿಡುವುದು ಏನಿದೆ ಅನ್ನಬಹುದು. ನಮ್ಮ ಜನರನ್ನು ಕಂಡಿದ್ದರೆ ಹಾಗೆ ಕೇಳುವುದಿಲ್ಲ. ಗಂಗಾನಗರ ಲೇಔಟ್ ಆಗುವ ಮೊದಲು ಅಲ್ಲಿ ರಾಗಿ ಬೆಳೆದ ಮನೆತನ ನಮ್ಮದು, ಅವಳದೂ ಹೊಲದ ಮನೆಯೇ. ನಮ್ಮಲ್ಲಿ ಗಂಡಸು ಬಾಡೂಟಕ್ಕೆ ಹಂಡೆ ಮುಂದೆ ನಿಂತು ಸೌಟು ತಿರುಗಿಸಿದರೆ ಅದು ಗಂಡಸುತನ. ಅದೇ ಕೈ ಹೋಟೆಲಿನಲ್ಲಿ ಪರರಿಗೆ ದೋಸೆ ಹುಯ್ದರೆ ಮಾನ ಹೋಯಿತು. ಈ ಲೆಕ್ಕ ಯಾರು ಮಾಡಿಟ್ಟರೋ ಕಾಣೆ, ಎಲ್ಲರೂ ನಂಬಿದ್ದರು. ನಾನೂ ನಂಬಿದ್ದೆ.

ಹೀಗೆ ಮದುವೆಯಾದ ಮೇಲೆ ದಿನಾ ಬೆಳಿಗ್ಗೆ ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಹೊರಟೆ, ಹೋಟೆಲಿನ ಸ್ಟೋರ್ ರೂಮಿನಲ್ಲಿ ಬಿಚ್ಚಿಟ್ಟು ಬನಿಯನ್ನಿನಲ್ಲಿ ನಿಂತೆ. ನನ್ನ ಪುಣ್ಯಕ್ಕೆ ಅಡುಗೆಮನೆ ಗೋಡೆಯ ಹಿಂದಿತ್ತು. ದೋಸೆ ಒಂದು ಕಿಂಡಿಯಿಂದ ಹೊರಗೆ ಹೋಗುತ್ತಿತ್ತು, ನನ್ನ ಮುಖ ಹೋಗುತ್ತಿರಲಿಲ್ಲ. ಒಮ್ಮೆ ಮುಂಗೈ ಕಾವಲಿಗೆ ತಾಗಿ ಬೊಬ್ಬೆ ಬಂತು. ಮನೆಯಲ್ಲಿ ಬೈಕಿನ ಸೈಲೆನ್ಸರ್ ಸುಟ್ಟಿತು ಅಂದೆ. ಸೈಲೆನ್ಸರ್ ಕಾಲನ್ನು ಸುಡುತ್ತದೆ, ಮುಂಗೈಯನ್ನಲ್ಲ ಅನ್ನುವುದು ಹೇಳಿದ ಮೇಲೆ ಹೊಳೆಯಿತು. ಅವಳು ಏನೂ ಅನ್ನದೆ ಮುಲಾಮು ಹಚ್ಚಿದಳು. ಏಕೆ ಏನೂ ಅನ್ನಲಿಲ್ಲ ಅಂತ ನಾನು ಒಂದು ವಾರ ತಲೆ ಕೆಡಿಸಿಕೊಂಡೆ.

ಅದಕ್ಕಿಂತ ಕೆಟ್ಟದ್ದು ಅವಳಿಗೆ ಜ್ವರ ಬಂದಾಗ ನಡೆಯಿತು. ಮೂರು ದಿನ ಏಳಲಿಲ್ಲ. ಬೆಳಗಾದರೆ ನೂರಾರು ಜನರಿಗೆ ಬೇಯಿಸಿ ಹಾಕುವ ಕೈ ನನ್ನದು. ಅವಳಿಗೊಂದು ಗಂಜಿ ಕಾಯಿಸುವುದು ಎಷ್ಟರ ಕೆಲಸ? ಆದರೆ ಒಲೆಯ ಮುಂದೆ ನನ್ನ ಕೈಯ ಚುರುಕು ಕಂಡರೆ ಗುಟ್ಟು ಬಯಲಾಗುತ್ತದೆ ಅಂತ ಬೇಕಂತಲೇ ಹಾಲು ಉಕ್ಕಿಸಿದೆ, ಗಂಜಿ ತಳ ಹಿಡಿಸಿದೆ. ಅವಳು ಮಲಗಿದಲ್ಲಿಂದಲೇ ನಕ್ಕು, ಬಿಡಿ, ಗಂಡಸ್ರಿಗೆ ಇದೆಲ್ಲ ಎಲ್ಲಿ ಬತ್ತದೆ ಅಂದಳು. ಆ ಸುಟ್ಟ ಗಂಜಿಯನ್ನೇ ಕುಡಿದಳು. ನೆನೆಸಿಕೊಂಡರೆ ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಹೀಗೆ ಆರು ವರ್ಷ ಕಳೆದ ಮೇಲೆ ಆ ಸೀರಿಯಲ್ ಶುರುವಾಯಿತು.

ಹೋಟೆಲಿನ ಕಥೆ. ಹೀರೋ ಹೋಟೆಲಿನಲ್ಲಿ ಲೋಟ ತೊಳೆಯಲು ಸೇರುತ್ತಾನೆ. ಮಹಾ ಕೋಪಿಷ್ಠ, ಮೊದಲ ವಾರವೇ ಗಿರಾಕಿಯ ಮೇಲೆ ತಟ್ಟೆ ಎಸೆದ. ನನ್ನ ಹೆಂಡತಿ, ಈ ಮೂತಿಗೆ ಹೀರೋ ಪಾರ್ಟು ಯಾರು ಕೊಟ್ಟರೋ ಅಂತ ಬೈದುಕೊಂಡೇ ನೋಡುತ್ತಿದ್ದಳು. ಬೈಯುತ್ತ ಬೈಯುತ್ತ ಅವನಿಗೆ ಒಗ್ಗಿಹೋದಳು. ಅವನು ತಾಳ್ಮೆ ಕಲಿತ, ಕೆಲಸ ಕಲಿತ. ಒಂದು ಸಂಜೆ, ಕೈ ನಡುಗುವ ಮುದುಕರೊಬ್ಬರ ಎಂಜಲು ತಟ್ಟೆಯನ್ನು ಯಾರೂ ಹೇಳದೆ ಎತ್ತಿ, ಅವರಿಗೆ ಕೈ ತೊಳೆಸಿದ. ಇವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅವನು ಮೊದಲ ಸಲ ದೋಸೆ ಹುಯ್ದ ದಿನ ಪಕ್ಕದ ಮನೆಯಾಕೆ ಕೇಸರಿಬಾತ್ ಮಾಡಿ ತಂದುಕೊಟ್ಟರು. ಸ್ವಂತ ಮಗ ಪಾಸಾದ ಹಾಗೆ!

ನನಗೆ ಮೈಯೆಲ್ಲ ಉರಿಯಿತು. ಅದೇ ದಾರಿಯಲ್ಲಿ, ಎಂಜಲು ತಟ್ಟೆಯಿಂದ ಕಾವಲಿವರೆಗೆ ನಡೆದು ಬಂದವನು ನಾನು ಪಕ್ಕದಲ್ಲೇ ಕುಕ್ಕರುಗಾಲಿನಲ್ಲಿ ಕೂತಿದ್ದೇನೆ, ಇವರು ಟೀವಿಯವನಿಗೆ ಕೇಸರಿಬಾತ್ ಹಂಚುತ್ತಾರೆ. ಅದೂ ಆ ಮಹಾಶಯ ಹೊಗೆಯಾಡುವ ಕಾವಲಿಗೆ ನೀರು ಚಿಮುಕಿಸದೆ, ಪೊರಕೆಯಲ್ಲಿ ಒಂದು ಸಲ ಗುಡಿಸದೆ ಹಿಟ್ಟು ಹುಯ್ದ. ಹಾಗೆ ಹುಯ್ದರೆ ದೋಸೆ ಏಳುತ್ತದಾ? ಹೇಳಲು ನಾಲಿಗೆ ತುದಿಗೆ ಬಂತು, ಕಚ್ಚಿಕೊಂಡೆ.

ಆಮೇಲೆ ಒಂದು ಸೋಮವಾರ ಹೀರೋಗೆ ಮದುವೆ ನಿಶ್ಚಯವಾಯಿತು, ಹುಡುಗಿ ಟೀಚರು. ಅವರ ಮನೆಯಲ್ಲಿ ಕೂತು ಅವನು, ನಾನು ಹೋಟೆಲ್ ಮ್ಯಾನೇಜರ್ ಅಂದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೆಗಲು ಮುಟ್ಟಿಕೊಳ್ಳದಿದ್ದರೂ ಕಣ್ಣನ್ನು ಟೀವಿಯಿಂದ ಅವಳ ಮುಖಕ್ಕೆ ಹೊರಳಿಸಿದೆ. ಅಂದಿನಿಂದ ನಾನು ಸೀರಿಯಲ್ ನೋಡಿದ್ದೇ ಇಲ್ಲ, ಅವಳನ್ನೇ ನೋಡಿದ್ದು. ಹುಬ್ಬು ಏರಿತೇ? ತುಟಿ ಬಿಗಿಯಿತೇ? ಅವಳು ಆಗಾಗ ತಿರುಗಿ ಕೇಳುವಳು: ನಿಮ್ ಓಟ್ಲಲ್ಲೂ ಭಟ್ರಿಗೆ ಇಂಗೇ ಬೈತಾರಾ? ದೋಸೆ ಉಯ್ಯೋರಿಗೆ ಸೆಖೆ ಆಗಕಿಲ್ವಾ? ಪ್ರತಿ ಪ್ರಶ್ನೆಯೂ ಪೊಲೀಸ್ ಸ್ಟೇಷನ್ನಿನ ವಿಚಾರಣೆಯಂತೆ ಕೇಳುತ್ತಿತ್ತು. ಮ್ಯಾನೇಜರಿಗೆ ಅದೆಲ್ಲ ಎಲ್ಲಿ ಗೊತ್ತಾಗುತ್ತದೆ ಅಂತ ಗದರಿ ನಾನು ಎದ್ದುಹೋಗುತ್ತಿದ್ದೆ.

ನನ್ನ ಕಥೆಯನ್ನು ಸೀರಿಯಲ್‌ನವರಿಗೆ ಯಾರೋ ಹೇಳಿದ್ದಾರೆ ಅನ್ನುವ ಗುಮಾನಿಯೂ ಹುಟ್ಟಿತು. ನಮ್ಮ ಹೋಟೆಲಿಗೆ ಗಡ್ಡದವನೊಬ್ಬ ಮೂರು ದಿನ ಬಂದು, ಒಂದೇ ಕಾಫಿಗೆ ಒಂದು ಗಂಟೆ ಕೂತು, ಪುಸ್ತಕದಲ್ಲಿ ಏನೋ ಬರೆಯುತ್ತಿದ್ದ. ಸಿಕ್ಕಿಬಿದ್ದ ಅಂದುಕೊಂಡೆ. ಕಿಂಡಿಯಿಂದ ಅವನನ್ನು ನೋಡುತ್ತ ಎರಡು ದೋಸೆ ಸೀಯಿಸಿದೆ. ಕಡೆಗೆ ಎದುರಿಗೇ ಹೋಗಿ, ಏನ್ ಗುರು ಬರೀತಾ ಇದ್ದೀಯ ಅಂತ ಕೇಳಿದರೆ, ಪಾಪ, ಇನ್ಶೂರೆನ್ಸ್ ಏಜೆಂಟು. ನನಗೇ ಪಾಲಿಸಿ ಮಾಡಿಸಲು ಗಂಟು ಬಿದ್ದ.

ಇಷ್ಟು ಸಾಲದು ಅಂತ ನಮ್ಮ ಮಾಲೀಕರಿಗೂ ಅದೇ ಸೀರಿಯಲ್ಲಿನ ಹುಚ್ಚು ಹಿಡಿಯಿತು. ಗಿರಾಕಿಗಳೂ ಹಾಗೇ ಆಗಿದ್ದರು. ಕಿಂಡಿಗೆ ತಲೆ ತೂರಿಸಿ, ದೋಸೆ ಹಾಕೋರು ಯಾರು, ಸ್ವಲ್ಪ ಮುಖ ತೋರಿಸಿ ಅನ್ನುವವರು ಶುರುವಾದರು. ಜನಕ್ಕೆ ಈಗ ಅಡುಗೆಯವರನ್ನು ನೋಡೋ ಆಸೆ ಕಣಯ್ಯ ಅಂತ ಮಾಲೀಕರು ಗೋಡೆ ಒಡೆಸಿದರು. ಕಾವಲಿಯನ್ನು ರಸ್ತೆಯ ಕಡೆಗೆ ತಂದಿಟ್ಟು ಮುಂದೆ ಗಾಜು ಹಾಕಿಸುತ್ತಾರಂತೆ. ಆ ರಸ್ತೆಯಲ್ಲಿ ದಿನಾ ಸ್ಕೂಲ್ ವ್ಯಾನ್ ಓಡಿಸುವವನು ನನ್ನ ಹೆಂಡತಿಯ ಅಣ್ಣ. ಸೋಮವಾರದಿಂದ ಅವನು ಸಿಗ್ನಲ್ಲಿಗೆ ನಿಂತರೆ ಎದುರಿಗೆ ನಾನು, ಕೈಯಲ್ಲಿ ಸೌಟು.

ಆ ವಾರವೇ ಸೀರಿಯಲ್ಲಿನಲ್ಲಿ ಗುಟ್ಟು ಬಯಲಾಯಿತು. ಅಷ್ಟರಲ್ಲಿ ಅವನನ್ನು ಮದುವೆಯಾಗಿದ್ದ ಟೀಚರಮ್ಮ ಹೋಟೆಲಿಗೆ ಬಂದಳು, ಗಂಡ ಬನಿಯನ್ನಿನಲ್ಲಿ ಇದ್ದುದನ್ನು ಕಂಡಳು, ಅತ್ತಳು, ಕಡೆಗೆ ಅವನ ಸುಟ್ಟ ಕೈಯನ್ನು ಕಣ್ಣಿಗೊತ್ತಿಕೊಂಡು ಕ್ಷಮಿಸಿದಳು. ಪಕ್ಕದ ಮನೆಯಾಕೆ ಗೋಡೆಯಾಚೆ ಮೂಗು ಸೀಟುವುದು ನಮಗೆ ಕೇಳಿಸಿತು. ನನಗಂತೂ ಹೋದ ಜೀವ ಬಂದಂತಾಯಿತು. ಕ್ಷಮಿಸುತ್ತಾರೆ! ಇಡೀ ಬೀದಿ ಕ್ಷಮಿಸಿದೆ! ಇವಳೂ ಅಳುತ್ತಿರಬೇಕು ಅಂತ ತಿರುಗಿ ನೋಡಿದೆ. ಕಣ್ಣಲ್ಲಿ ಒಂದು ಹನಿ ಇಲ್ಲ.

"ಇವ್ಳು ಒಪ್ಕಬಾರ್ದಾಗಿತ್ತು," ಅಂದಳು.

ದೋಸೆ ಹುಯ್ಯುವುದು ಕಳ್ಳತನವಾ, ಅಷ್ಟಕ್ಕೆಲ್ಲ ಬಿಟ್ಟುಬಿಡಬೇಕಾ ಅಂತ ಆದಷ್ಟು ತಣ್ಣಗೆ ಕೇಳಿದೆ.

"ದೋಸೆದಲ್ಲ ರೀ. ಇವ್ಳಿಗೆ ನಾಚ್ಕೆ ಆಯ್ತದೆ ಅಂತ ಅವ್ನೇ ತೀರ್ಮಾನ ಮಾಡ್ಬಿಟ್ನಲ್ಲ. ಅಷ್ಟು ದಿನ ಜೊತೆಗೆ ಉಂಡು, ಇವ್ಳ ಮನ್ಸು ಅಷ್ಟೇಯ ಅಂದ್ಕಂಡೇ ಇದ್ನಲ್ಲ. ಕೆಲ್ಸ ಕಲ್ತ, ತಾಳ್ಮೆ ಕಲ್ತ ಅಂತೆಲ್ಲ ಯೋಳ್ತಾರೆ. ಇದೊಂದು ಕಲೀನಿಲ್ಲ ಅವ್ನು."

ಹೇಳಿ ಎದ್ದು ಮುದ್ದೆಗೆ ಎಸರಿಡಲು ಹೋದಳು. ನಾನು ಜಾಹೀರಾತು ನೋಡುತ್ತ ಕೂತೆ. ಗೊತ್ತಿದ್ದು ಹೇಳಿದಳೇ, ಗೊತ್ತಿಲ್ಲದೆ ಹೇಳಿದಳೇ? ಅಣ್ಣ ಏನಾದರೂ ಊದಿದನೇ? ಇಷ್ಟು ವರ್ಷ ಅವಳ ಒಂದೊಂದು ಮಾತನ್ನೂ ಹೊರಳಿಸಿ ಹೊರಳಿಸಿ ನೋಡಿದವನು, ಆವತ್ತು ಮೊದಲ ಸಲ ಹಾಗೆ ನೋಡುವ ನನ್ನ ಬುದ್ಧಿಯನ್ನೇ ನೋಡಿಕೊಂಡೆ. ನೋಡಲು ಚೆನ್ನಾಗಿರಲಿಲ್ಲ.

ಶನಿವಾರ ಮಧ್ಯಾಹ್ನ ಮನೆಗೆ ಬಂದಾಗ ಅವಳು ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನು ಚಪ್ಪಲಿ ಬಿಡುವ ಮೊದಲೇ ಎಲ್ಲ ಹೇಳಿದೆ. ಮಾವನ ಸುಳ್ಳು, ಸ್ಟೋರ್ ರೂಮಿನ ಶರ್ಟು, ಸೈಲೆನ್ಸರ್, ಬೇಕಂತಲೇ ಸುಟ್ಟ ಗಂಜಿ. ಗಂಜಿಯ ವಿಷಯಕ್ಕೆ ಬಂದಾಗ ಮಾತ್ರ ಅವಳ ಕೈ ನಿಂತಿತು.

"ಇವತ್ಯಾಕೆ ಯೋಳಿದ್ರಿ?"

ಇಲ್ಲಿ ಇನ್ನೊಂದು ಸುಳ್ಳು ಹೇಳಬಹುದಿತ್ತು. ನಿನ್ನ ಮಾತು ಕೇಳಿ ಮನಸ್ಸು ಕರಗಿತು ಅಂದಿದ್ದರೆ ಸೀರಿಯಲ್ಲಿನಂತೆ ಮುಗಿಯುತ್ತಿತ್ತೋ ಏನೋ. "ಗೋಡೆ ಒಡೆದ್ರು. ಸೋಮವಾರದಿಂದ ನಿಮ್ಮಣ್ಣ ನೋಡ್ತಾನೆ," ಅಂದೆ.

"ಅಂಗಾದ್ರೆ ಗೋಡೆ ಇದ್ದಿದ್ರೆ ಯೋಳ್ತಿರ್ನಿಲ್ಲ."

ಇಲ್ಲ ಅಂತ ತಲೆ ಆಡಿಸಿದೆ. ಅವಳು ಅವರೆಕಾಯಿಯ ಮೊರ ಎತ್ತಿಕೊಂಡು ಒಳಗೆ ಹೋದಳು.

ಎಂಟು ದಿನ ಮಾತಿಲ್ಲ. ಊಟ ಬಡಿಸುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಬೇಕಾದಷ್ಟಕ್ಕೆ ಹೂಂ ಅಥವಾ ಊಹೂಂ. ಸೀರಿಯಲ್ ಹಾಕುವುದನ್ನೂ ಬಿಟ್ಟಳು. ಪಕ್ಕದ ಮನೆಯಾಕೆ ಬಂದು, ಟೀವಿ ಕೆಟ್ಟಿದೆಯಾ ಅಂತ ವಿಚಾರಿಸಿದರು. ನಾನು ಮತ್ತೆ ಹಳೇ ಚಾಳಿಗೆ ಬಿದ್ದೆ: ತವರಿಗೆ ಹೋಗಲು ಬಟ್ಟೆ ಜೋಡಿಸಿದ್ದಾಳಾ ಅಂತ ಬೀರು ನೋಡಿದೆ, ಅಣ್ಣನಿಗೆ ಕಾಲ್ ಮಾಡಿದ್ದಾಳಾ ಅಂತ ಅವಳ ಫೋನ್ ನೋಡಿದೆ. ಅಣ್ಣ ಆಗಲೇ ನನ್ನನ್ನು ಗಾಜಿನಲ್ಲಿ ಕಂಡಿದ್ದ. ಸಿಗ್ನಲ್ಲಿನಲ್ಲಿ ನಿಂತು, ಕಣ್ಣು ಕಿರಿದು ಮಾಡಿ ನೋಡಿ, ವ್ಯಾನ್ ಮುಂದಕ್ಕೆ ಬಿಟ್ಟಿದ್ದ. ಅವನು ತಂಗಿಗೆ ಏನು ಹೇಳಿದ, ಅವಳಿಗೆ ಮೊದಲೇ ಏನು ಗೊತ್ತಿತ್ತು, ನನಗೆ ಇವತ್ತಿಗೂ ತಿಳಿದಿಲ್ಲ. ಕೇಳಿದರೆ ಮಾತು ಬದಲಿಸುತ್ತಾಳೆ.

ಮುಂದಿನ ಭಾನುವಾರ ಬೆಳಿಗ್ಗೆ ಹೋಟೆಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಟೋಕನ್ ಹಿಡಿದವರ ಸಾಲು ರಸ್ತೆಗೆ ಇಳಿದಿತ್ತು. ಹನ್ನೆರಡು ತೆಗೆದು ಹನ್ನೆರಡು ಹಾಕುತ್ತ ತಲೆ ಎತ್ತಿದರೆ, ಸಾಲಿನಲ್ಲಿ ಐದನೆಯವಳು ನನ್ನ ಹೆಂಡತಿ. ಮದುವೆ ಮನೆಗೆ ಹೊರಟವಳ ಹಾಗೆ ಒಳ್ಳೆಯ ಸೀರೆ ಉಟ್ಟಿದ್ದಳು. ಎಲ್ಲರೆದುರು ಮಾನ ಕಳೆಯಲು ಬಂದಳು ಅಂತಲೇ ನನಗೆ ಹೊಳೆದದ್ದು. ಬಂದರೆ ಬರಲಿ, ಅದು ಅವಳ ಹಕ್ಕು ಅಂತಲೂ ಅನಿಸಿತು. ನಾಲ್ಕು ಜನ ಮುಂದೆ ಸರಿಯುವವರೆಗೆ ನಾನು ಯಾರಿಗೆ ಏನು ಕೊಟ್ಟೆನೋ ನೆನಪಿಲ್ಲ.

ಅವಳ ಸರದಿ ಬಂತು. ಬೇರೆಯವರಂತೆಯೇ ಟೋಕನ್ ನನ್ನ ಮುಂದಿಟ್ಟಳು. ಸಾಲು ತಪ್ಪಿಸಿ ಬೇಗ ಕಳಿಸೋಣ ಅಂತ ಆಗಲೇ ಬೆಂದಿದ್ದ ದೋಸೆಯನ್ನು ಎತ್ತಹೋದೆ.

"ಅದು ಬ್ಯಾಡ. ಒಸದಾಗಿ ಆಕಿ," ಅಂದಳು. "ನಿಧಾನಕ್ಕೇ ಆಕಿ. ನಾನು ನೋಡ್ಬೇಕು."

ನೀರು ಚಿಮುಕಿಸಿದೆ, ಗುಡಿಸಿದೆ, ಸೌಟು ತುಂಬಿದೆ. ಅವಳು ಗಾಜಿಗೆ ಹಣೆ ತಾಗುವಷ್ಟು ಬಗ್ಗಿ ನನ್ನ ಕೈಯನ್ನೇ ನೋಡುತ್ತಿದ್ದಳು. ಸೀದದ್ದುಂಟು, ಆದರೆ ಕೆಲಸ ಕಲಿತ ಮೇಲೆ ನನ್ನ ಕೈಯಲ್ಲಿ ಒಂದು ದೋಸೆಯೂ ಸೊಟ್ಟಗಾಗಿರಲಿಲ್ಲ. ಅವತ್ತು ಎಷ್ಟು ತಿರುಗಿಸಿದರೂ ಅದು ಗುಂಡಗೆ ಬರಲೇ ಇಲ್ಲ.