ಗಾಳಿಗೆ ನಿಲ್ಲುವ ಪದ

ಬದನವಾಳಿಗೆ ನೂಲುವುದು ಕಲಿಯಲು ಬಂದಿದ್ದ ಡಚ್ ಹೆಣ್ಣುಮಗಳನ್ನು ನನ್ನ ಟ್ಯಾಕ್ಸಿಯಲ್ಲಿ ತಿ. ನರಸೀಪುರದ ಸಂಗಮಕ್ಕೆ ಕರೆದೊಯ್ದಿದ್ದೆ. ಮುಚ್ಚಂಜೆಯಲ್ಲಿ ಆಕೆ ಬೀಸುಗಾಳಿಗೆ ಮುಖವೊಡ್ಡಿ ನಿಂತಳು. ನಾನು ಕಾರಿನಿಂದಲೇ ಹೇಳಿದೆ: "ಈ ಹೊತ್ನಲ್ಲಿ ಹೊಳೆ ಗಾಳಿ ಸೋಕಬಾರ್ದು ಕಣವ್ವ, ತಲೆಗೆ ಬಟ್ಟೆ ಹಾಕ್ಕೊ."

"ಸೋಕಲಿ ಅಂತಲೇ ನಿಂತಿದೀನಿ, ಅಣ್ಣ," ಎಂದಳು, ಕಲಿತಷ್ಟು ಕನ್ನಡದಲ್ಲಿ. ಅವರಲ್ಲಿ ಇದಕ್ಕೇ 'ಔಟ್‌ವಾಯನ್' ಎಂಬ ಕ್ರಿಯಾಪದವಿದೆಯಂತೆ. 'ಹೊರಗೆ', 'ಬೀಸು' ಎರಡೂ ಸೇರಿ ಆದದ್ದು. ಮನಸ್ಸು ಭಾರವಾದಾಗ ಗಾಳಿಗೆ ಹೋಗಿ ಹಗುರಾಗುವುದು ಎಂದರ್ಥ. ವಾಕ್ಯದೊಳಗೆ ಮಾತ್ರ ಎರಡೂ ಬೇರೆಯಾಗಿ, 'ಹೊರಗೆ' ಕೊನೆಗೆ ಹೋಗಿ ಕೂರುತ್ತದಂತೆ.

"ಜೋಡೀನ ಅಷ್ಟು ದೂರ ಕೂರಿಸ್ತೀರಾ, ಪಾಪ," ಎಂದೆ.

ಆಕೆ ನಗಲಿಲ್ಲ. "ನೀವೂ ಇಳೀರಿ, ಅಣ್ಣ."

ಹೆಂಡತಿಯ ಅಸ್ಥಿ ಬಿಟ್ಟ ಮೇಲೆ ನಾನು ಆ ದಂಡೆಗೆ ಕಾಲಿಟ್ಟಿರಲಿಲ್ಲ. ಬಾಡಿಗೆಗೆ ಬಂದಾಗಲೆಲ್ಲ ಕಾರಿನಲ್ಲೇ ಕೂತು ಶಿವನಾಮ ಹೇಳುತ್ತಿದ್ದೆ. ಅಂದು ಇಳಿದೆ. ಅವಳಿದ್ದಿದ್ದರೆ ಬೈದು, ತನ್ನ ಸೆರಗನ್ನೇ ನನ್ನ ತಲೆಗೆ ಹೊದಿಸುತ್ತಿದ್ದಳು. ಬೈಯುವವರಿಲ್ಲದೆ ಬಹಳ ಹೊತ್ತು ನಿಂತೆ.

ಎದೆ ಹಗುರಾದದ್ದು ನಿಜ. ಆದರೂ ನಂಜನಗೂಡಿಗೆ ಬಂದವನೇ ನಂಜುಂಡಪ್ಪನ ವಿಭೂತಿ ಹಚ್ಚಿಕೊಂಡೆ. ಸ್ವಾಮಿಗೆ ಎಲ್ಲ ಭಾಷೆಯೂ ಗೊತ್ತು. ಹಗುರಾಗಲೆಂದೇ ನಿಂತದ್ದು ಎಂದು ತಿಳಿಯಲು ನಮ್ಮ ಹೊಳೆ ಗಾಳಿಗೂ ಡಚ್ ಬರಬೇಕಲ್ಲ.