ಅಭ್ಯಂತರವಿಲ್ಲ

ನನ್ನ ಮೊಬೈಲು ಆಗಾಗ ಬಹಳ ವಿನಯದಿಂದ, ಹೊಸ ಆವೃತ್ತಿ ಬಂದಿದೆ, ಈಗಲೇ ಹಾಕಿಕೊಳ್ಳುತ್ತೀರೋ ಆಮೇಲೋ ಎಂದು ಕೇಳುತ್ತದೆ. ಬೇಡವೇ ಬೇಡ ಎನ್ನಲು ಮಾತ್ರ ಅದರಲ್ಲಿ ಗುಂಡಿಯಿಲ್ಲ. ನಿಮ್ಮದೂ ಹಾಗೆಯೇ ಕೇಳುತ್ತಿರಬೇಕು, ನೀವೂ ನನ್ನಂತೆಯೇ ‘ಆಮೇಲೆ’ ಎಂದು ಒತ್ತಿ, ಏನೋ ಗೆದ್ದವರ ಹಾಗೆ ಚಹಾ ಕುಡಿಯುತ್ತಿರಬೇಕು. ನನ್ನ ದುರದೃಷ್ಟವೆಂದರೆ, ಬೇಡ ಎನ್ನುವ ಅಧಿಕಾರವನ್ನೇ ಕೈಗೆ ಕೊಟ್ಟು ಕೂರಿಸಿದ ಒಂದು ಕುರ್ಚಿಯೂ ನನಗೆ ಸಿಕ್ಕಿದೆ.

ಹೊಸಪೇಟೆಯ ಒಂದು ಆಸ್ಪತ್ರೆಯ ದಾಖಲೆ ವಿಭಾಗವನ್ನು ನಾನು ನೋಡಿಕೊಳ್ಳುತ್ತೇನೆ. ಅಲ್ಲಿನ ಕಂಪ್ಯೂಟರುಗಳಲ್ಲಿ ಏನನ್ನೇ ಬದಲಿಸುವ ಮೊದಲು, ಇದರಿಂದ ಯಾರಿಗೆ ತೊಂದರೆ, ಕೆಟ್ಟರೆ ಹಿಂದಿನ ಸ್ಥಿತಿಗೆ ತರುವುದು ಹೇಗೆ ಎಂದು ವಿಚಾರಿಸಲು ಒಂಬತ್ತು ಜನರ ‘ಬದಲಾವಣೆ ಸಲಹಾ ಮಂಡಳಿ’ ಇದೆ. ಸಲಹೆಗೂ ಸಲಹುವುದಕ್ಕೂ ನಂಟಿದೆಯೋ ಇಲ್ಲವೋ ಪಂಡಿತರು ಹೇಳಲಿ. ನಮ್ಮ ಮಂಡಳಿಯಲ್ಲಂತೂ ಎರಡೂ ವಿರಳ. ಗುರುವಾರ ಮಧ್ಯಾಹ್ನ ಸೇರುತ್ತೇವೆ, ಪಟ್ಟಿ ಓದುತ್ತಾರೆ, ಸರದಿ ಬಂದಾಗ ನಾನು ಗಂಟಲು ಸರಿಪಡಿಸಿಕೊಂಡು ‘ಅಭ್ಯಂತರವಿಲ್ಲ’ ಎನ್ನುತ್ತೇನೆ. ಈ ಪದವನ್ನು ನಾನು ಎಷ್ಟು ಗಂಭೀರವಾಗಿ ಉಚ್ಚರಿಸುತ್ತೇನೆಂದರೆ, ಹೊಸಬರು ಕಡತವನ್ನೆಲ್ಲ ಓದಿ ಬಂದ ಮನುಷ್ಯ ಎಂದೇ ಭಾವಿಸುತ್ತಾರೆ.

ನೋಂದಣಿ ಕೌಂಟರಿನ ಪರದೆಯಲ್ಲಿ ‘ಗುರುತು’ ಎಂಬ ಒಂದು ಅಂಕಣವಿತ್ತು. ಚಿತ್ತವಾಡ್ಗಿಯಿಂದ ಬರುವ ಈರಮ್ಮ ಕೌಂಟರಿನಲ್ಲಿ ಕೂತು ಅದರಲ್ಲಿ ತನಗೆ ತೋಚಿದ್ದನ್ನು ತುಂಬುತ್ತಿದ್ದಳು: ಬೇವಿನ ಗಿಡದ ಮನಿಯಾಕಿ, ಗಿರಣಿ ಹಿಂದಿನಾಕಿ, ಗದ್ದಕ್ಕೆ ಮಚ್ಚೆ ಇರೋ ಮುದುಕ. ಕನ್ನಡ, ತೆಲುಗು, ಇಂಗ್ಲಿಷು ಕಲಸಿದ ಆ ಬರಹ ಯಂತ್ರಕ್ಕೆ ಅರ್ಥವಾಗುವುದಿಲ್ಲ, ಅಂಕಣವನ್ನೇ ತೆಗೆಯೋಣ ಎಂದು ತಂತ್ರಾಂಶದವರು ಅರ್ಜಿ ಹಾಕಿದರು. ಸುದ್ದಿ ತಿಳಿದ ಈರಮ್ಮ ನನ್ನ ಮೇಜಿನ ಮುಂದೆ ಬಂದು ನಿಂತಳು.

“ಸರ, ಅದನ್ನ ತೆಗಿಬ್ಯಾಡ್ರಿ ಅಂತ ಹೇಳ್ರಿ. ನಮ್ಮ ಕಡೆ ಒಂದೊಂದು ಊರಾಗ ಎಷ್ಟು ಮಂದಿ ಹುಲಿಗೆಮ್ಮ ಅದಾರ ನಿಮಗ ಗೊತ್ತೈತಲ್ರಿ? ಫೋನ್ ನಂಬರೂ ಎಲ್ಲಾರೂ ಒಂದ ಅಂಗಡೀದು ಕೊಡ್ತಾರ.”

ನನಗೆ ಗೊತ್ತಿತ್ತು. ಹೇಳುತ್ತೇನೆ ಎಂದು ಮಾತೂ ಕೊಟ್ಟೆ. ಆದರೆ ಆ ಗುರುವಾರ ಪಟ್ಟಿ ಉದ್ದವಿತ್ತು, ಗುರುತಿನ ವಿಷಯ ಕೊನೆಯಲ್ಲಿತ್ತು, ಹೊರಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಂದು ಘಮಘಮಿಸುತ್ತಿದ್ದವು. ಅರ್ಜಿಯಲ್ಲಿ ‘ಅಪಾಯ: ಕಡಿಮೆ, ಬಾಧಿತರು: ಯಾರೂ ಇಲ್ಲ’ ಎಂದು ಬರೆದಿತ್ತು. ಒಂದು ಮಾತೆತ್ತಿದರೆ ಅರ್ಧ ಗಂಟೆ ಚರ್ಚೆಯಾಗುತ್ತದೆ, ಎಲ್ಲರೂ ನನ್ನನ್ನೇ ದುರುಗುಟ್ಟಿ ನೋಡುತ್ತಾರೆ ಎನಿಸಿತು. ಅಭ್ಯಂತರವಿಲ್ಲ ಎಂದುಬಿಟ್ಟೆ. ಸಂಸ್ಕೃತದಲ್ಲಿ ಅಭ್ಯಂತರವೆಂದರೆ ಒಳಗಿನದು, ಕನ್ನಡದಲ್ಲಿ ಆಕ್ಷೇಪ. ನನ್ನ ಆಕ್ಷೇಪ ಸಂಸ್ಕೃತದಲ್ಲಿಯೇ ಉಳಿಯಿತು. ಮಿರ್ಚಿ ಚೆನ್ನಾಗಿತ್ತು ಎಂಬುದು ಇಂದಿಗೂ ನೆನಪಿದೆ, ಅದಕ್ಕಾಗಿ ನನ್ನ ಮೇಲೆ ನನಗೇ ಅಸಹ್ಯವಿದೆ.

ಅಂಕಣ ಹೋದ ಕೆಲವು ದಿನಗಳಿಗೆ ಸಂಡೂರು ಕಡೆಯ ಬಂಡ್ರಿಯಿಂದ ಇಬ್ಬರು ಹುಲಿಗೆಮ್ಮಂದಿರು ಹೊಟ್ಟೆನೋವೆಂದು ಬಂದು ಪರೀಕ್ಷೆ ಮಾಡಿಸಿಕೊಂಡು ಹೋದರು. ಇಬ್ಬರಿಗೂ ನಲವತ್ತೈದು ವರ್ಷ, ಇಬ್ಬರದೂ ಗಣಿಯ ಕೂಲಿ, ಇಬ್ಬರ ಫೋನೂ ಊರಿನ ಅದೇ ಕಿರಾಣಿ ಅಂಗಡಿಯದು. ಪರದೆಯ ಮೇಲೆ ಒಂದೇ ತೆರನಾದ ಎರಡು ಸಾಲುಗಳು ಮೂಡಿದಾಗ, ಒಬ್ಬಳ ವರದಿ ಮತ್ತೊಬ್ಬಳ ಕೈ ಸೇರಿತು. ಗಡ್ಡೆಯಿದ್ದವಳಿಗೆ ಏನೂ ಇಲ್ಲ ಎಂದು ಹೇಳಿ ಕಳಿಸಿದೆವು, ಏನೂ ಇಲ್ಲದವಳಿಗೆ ಗಡ್ಡೆಯ ಕಾಗದ ಕೊಟ್ಟೆವು. ಮೊದಲಿನವಳು ನೋವು ನುಂಗಿಕೊಂಡು ಮೂರು ತಿಂಗಳು ಕಲ್ಲು ಹೊತ್ತು, ಕೊನೆಗೆ ತಾಳಲಾರದೆ ಬಂದಾಗ ಎಲ್ಲವೂ ಬಯಲಾಯಿತು. ಬಹಳ ತಡವಾಗಿದೆ ಎಂದರು ವೈದ್ಯರು.

ಮಂಡಳಿ ತುರ್ತಾಗಿ ಸೇರಿ ಗುರುತಿನ ಅಂಕಣವನ್ನು ಮರಳಿ ತಂದಿತು. ಹಿಂದಿನ ಸ್ಥಿತಿಗೆ ತರಲು ಕಾಲು ಗಂಟೆಯೂ ಹಿಡಿಯಲಿಲ್ಲ. ಈರಮ್ಮ ಮೊದಲಿನಂತೆಯೇ ಅದನ್ನು ತುಂಬತೊಡಗಿದಳು. ಬಂದು ನನ್ನನ್ನು ಕೇಳಿದ್ದರೆ ಬೈಸಿಕೊಂಡಾದರೂ ಹಗುರಾಗುತ್ತಿದ್ದೆ.

ಮರುದಿನ ವಾರ್ಡಿಗೆ ಹೋಗಿ ಹುಲಿಗೆಮ್ಮನ ಮಂಚದ ಪಕ್ಕ ಕೂತೆ. ಕೆಂಪು ಧೂಳು ಉಗುರಿನೊಳಗೆ ಉಳಿದ ಕೈಯನ್ನು ಎದೆಯ ಮೇಲಿಟ್ಟುಕೊಂಡು ಆಕೆ ಮಲಗಿದ್ದಳು. ಅವರೂರಿನ ಇನ್ನೊಬ್ಬ ಹುಲಿಗೆಮ್ಮನ ಕಾಗದದೊಂದಿಗೆ ಆಕೆಯದು ಅದಲುಬದಲಾದದ್ದನ್ನು, ತಡೆಯಬೇಕಾದ ಮನುಷ್ಯ ನಾನೇ ಎಂಬುದನ್ನು ತಡವರಿಸುತ್ತ ಹೇಳಿದೆ. ಉಗಿಯುತ್ತಾಳೆ ಎಂದುಕೊಂಡಿದ್ದೆ. ಆಕೆ ತಟ್ಟನೆ ಮೊಣಕೈ ಊರಿ ಎದ್ದು ಕೂತಳು.

“ಅಯ್ಯ, ಹಂಗಾರ ಗಿರಣಿ ಹಿಂದಿನಾಕಿಗೆ ಏನೂ ಇಲ್ಲೇನ್ರಿ? ಮೂರು ತಿಂಗ್ಳಾತು, ಆಪರೇಷನ್ನಿಗೆ ರೊಕ್ಕ ಇಲ್ಲ, ಸಾಯ್ತೀನಿ ಅಂತ ಅತ್ಗೊಂತ ಕುಂತಾಳ್ರಿ ಆಕಿ. ಸಣ್ಣ ಮಗಳ ಮದುವಿನೂ ಗಡಿಬಿಡಿಲೆ ಮಾಡಿಬಿಟ್ಲು, ಕಣ್ಣಿಲೆ ನೋಡಿ ಹೋಗ್ತೀನಿ ಅಂತ. ನಿನಗ ಏನೂ ಇಲ್ಲವಾ ಅಂತ ಆಕಿಗೆ ಯಾರರ ಹೇಳೀರೇನ್ರಿ?”

ತಪ್ಪನ್ನು ಸರಿಪಡಿಸಲಾಗಿದೆ ಎಂಬ ವರದಿಗೆ ನಾವು ಒಂಬತ್ತೂ ಜನ ಸಹಿ ಹಾಕಿದ್ದೆವು. ಆಕೆಗೆ ಯಾರೂ ಹೇಳಿರಲಿಲ್ಲ.